ಒಂಬತ್ತನೇ ರಿಜಿಸ್ಟರ್

ಗಾಜಿನ ಪುಟ್ಟ ಸೀಸೆಯನ್ನು ಯಂತ್ರದ ತಟ್ಟೆಯೊಳಗೆ ಇಳಿಸುವಾಗ ಉಜ್ವಲಾಳ ಕೈಯಲ್ಲಿ ಅದು ಓರೆಯಾಯಿತು. ಹೊರಗೆ ತೆಗೆದು, ಒರೆಸಿ, ಮತ್ತೆ ಇಟ್ಟಳು. ಆರೂ ಮುಕ್ಕಾಲು. ಢಮಾಲೆಕಾಕಾ ತೀರಿಹೋದರೆಂದು ಅವರ ಮಗಳು ಮೃಣಾಲ್ ಫೋನು ಮಾಡಿ ಒಂದೂವರೆ ಗಂಟೆಯಾಗಿತ್ತು. ಇನ್ನೊಬ್ಬರಾಗಿದ್ದರೆ ನೇರ ಆ ಮನೆಗೆ ಓಡುತ್ತಿದ್ದರು. ಉಜ್ವಲಾ ತನ್ನ ಮಗಳ ಡಬ್ಬಿಗೆ ಅವಲಕ್ಕಿಯ ಪೋಹೆ ತುಂಬಿಟ್ಟು, ಸ್ಕೂಟರನ್ನು ಸಂಸ್ಥೆಯ ಕಡೆಗೇ ತಿರುಗಿಸಿದ್ದಳು.

ಪುಣೆಯ ಆ ಸಂಶೋಧನಾ ಸಂಸ್ಥೆಯಲ್ಲಿ ಅಣುಗಳನ್ನು ತೂಗುವ ಯಂತ್ರ ಅದೊಂದೇ. ಯಾವ ವಿಭಾಗದ ಸ್ವಂತದ್ದೂ ಅಲ್ಲ, ಎಲ್ಲರದ್ದು. ಎಲ್ಲೆಲ್ಲಿಂದಲೋ ಜನ ತಮ್ಮ ಮಾದರಿಗಳನ್ನು ಮಂಜುಗಡ್ಡೆಯಲ್ಲಿ ಹೂತು ತಂದು ಸರದಿ ಕಾಯುತ್ತಾರೆ. ದಿನದ ಮೊದಲ ಸರದಿ ಮಾತ್ರ ಯಾರಿಗೂ ಕೊಡುವಂತಿಲ್ಲ. ಅದು ತೂಕ ಮೊದಲೇ ಗೊತ್ತಿರುವ ಒಂದು ಔಷಧದ ನೀರಿಗೆ, ಬೆಳಗಿನ ಮಾದರಿಗೆ, ಮೀಸಲು. ಅದರ ತೂಕ ೬೦೯.೨೮೦೭. ಯಂತ್ರ ಅದರ ಆಸುಪಾಸು ಹೇಳಿದರೆ ಬಾಗಿಲು ತೆಗೆಯಬೇಕು. ದೂರ ಸರಿದರೆ ನಿರ್ದೇಶಕರೇ ಬಂದು ನಿಂತರೂ ತೆಗೆಯಬಾರದು. ಇದು ಢಮಾಲೆಕಾಕಾ ಮೂವತ್ತೈದು ವರ್ಷ ನಡೆಸಿಕೊಂಡು ಬಂದ ಪದ್ಧತಿ.

ನಲವತ್ತು ನಿಮಿಷ ಕಾದ ಮೇಲೆ ಪರದೆಯ ಮೇಲೆ ಅಂಕಿ ಬಂತು. ೬೦೯.೨೮೦೪. ಉಜ್ವಲಾ ರಿಜಿಸ್ಟರಿನಲ್ಲಿ ತಾರೀಖು, ವೇಳೆ, ಅಂಕಿ ಬರೆದಳು. ಗಡಿಬಿಡಿಯಲ್ಲಿ ಏಳು ಇಪ್ಪತ್ತೈದರ ಬದಲು ಆರು ಇಪ್ಪತ್ತೈದು ಎಂದು ಬಿತ್ತು. ತಪ್ಪಿದ್ದನ್ನು ಗೀಚಿ ಅಳಿಸಲಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದಳು. ತಪ್ಪು ಓದಲು ಸಿಗುವಂತಿರಬೇಕು ಎನ್ನುವುದು ಕಾಕಾ ಹೇಳಿಕೊಟ್ಟಿದ್ದು. ತಿಂಗಳ ಕೊನೆಯ ದಿನ. ಪುಟದ ಅಡಿಯಲ್ಲಿ ನಾಲ್ಕು ಸಾಲು ಖಾಲಿ ಉಳಿದವು. ಅವುಗಳ ಮೇಲೆ ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದಳು, ಆಮೇಲೆ ಯಾರೂ ಅಲ್ಲಿ ಏನೂ ತುರುಕದಂತೆ. "ಖಾಲಿ ಸಾಲು ಅಂದ್ರೆ ಸುಳ್ಳಿಗೆ ಹಾಸಿಟ್ಟ ಚಾಪೆ, ಉಜ್ವಲಾ. ಅದು ಬಂದು ಮಲಗಿಬಿಡುತ್ತೆ," ಎನ್ನುತ್ತಿದ್ದರು.

ಬಾಗಿಲಿಗೆ ಚೀಟಿ ಅಂಟಿಸಿದಳು. 'ಕಾಕಾ ಹೋದರು. ಯಂತ್ರ ಸರಿಯಾಗಿದೆ. ನಾಳೆ ಬನ್ನಿ.'

*

ಕೋಥ್ರೂಡ್ ಬಡಾವಣೆಯ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಕಾಕಾನ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಮೆಟ್ಟಿಲಿಳಿದು ಹೋಗುವಷ್ಟು ಸೇರಿದ್ದವು. ಒಳಗೆ ನಡುಮನೆಯಲ್ಲಿ ಕಾಕಾ ಚಾಪೆಯ ಮೇಲೆ ಮಲಗಿದ್ದರು. ಬಾಯಲ್ಲಿ ತುಳಸಿದಳ. ಆರು ತಿಂಗಳ ಕಾಯಿಲೆ ಮುಖವನ್ನು ಚಿಕ್ಕದು ಮಾಡಿತ್ತು, ಕಿವಿಗಳು ಮಾತ್ರ ಹಾಗೇ ದೊಡ್ಡದಾಗಿದ್ದವು. ಕಾಕಾನ ಹೆಂಡತಿ ಇಂದುಕಾಕೂ ಗೋಡೆಗೊರಗಿ ಕೂತು, ಬಂದವರನ್ನು ನೋಡುತ್ತಲೂ ಇದ್ದರು, ನೋಡುತ್ತಲೂ ಇರಲಿಲ್ಲ. ಮೃಣಾಲ್ ಅಪ್ಪನ ಕಾಲ ಬಳಿ ನಿಂತು ಯಾರಿಗೋ ಫೋನಿನಲ್ಲಿ ವಿಳಾಸ ಹೇಳುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಕೊಲ್ಹಾಪುರದ ಬಸ್ಸಿನಿಂದ ಮುಜಾವರ್ ಬಂದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿಕೊಳ್ಳುತ್ತಿದ್ದವರು, ಕಾಕಾನ ಮೂವತ್ತು ವರ್ಷದ ಗೆಳೆಯ. ಕಾಲ ಬಳಿ ಹೂವಿಟ್ಟು, ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತಿದ್ದ ಉಜ್ವಲಾಳ ಪಕ್ಕ ಬಂದು ನಿಂತರು.

"ಮುಂಜಾನಿ ಮಾದರಿ ಓಡಿಸಿ ಬಂದ್ಯೋ, ಹಂಗ ಬಂದ್ಯೋ?"

"ಓಡಿಸಿ ಬಂದೆ."

"ಎಷ್ಟ ಬಂತು?"

"ಎರಡು ಎಂಟು ಸೊನ್ನೆ ನಾಲ್ಕು."

"ಚಲೋ ಬಂತು." ಮುಜಾವರ್ ಕಣ್ಣೊರೆಸಿಕೊಂಡರು. "ನಿನಗ ಗೊತ್ತೈತಲ್ಲ, ಹೋದ ವರ್ಷ ನಮ್ಮ ಯಂತ್ರದವ್ರ ಮಂಡಳದ ನಿಯಮ ಬರ್ಯೂ ಮುಂದ ಮುದುಕ ಹೆಂಗ ಜಗಳಾ ತಗದಿದ್ದ. ಹದಿನೇಳನೇ ನಿಯಮಕ್ಕ. ರಿಜಿಸ್ಟರಿನ್ಯಾಗ ತಪ್ಪ ಬರದವ್ರು ಸತ್ತಹೋಗಿದ್ರ, ಖರೇ ಗೊತ್ತಿದ್ದವ್ರು ಅದನ್ನ ತಿದ್ದಬೇಕು, ತಿದ್ದಿ ತಮ್ಮ ಸಹಿ ಹಾಕಬೇಕು ಅಂತ. ನಾವೆಲ್ಲಾ ನಕ್ಕೇವಿ. ಸತ್ತವ್ರ ತಪ್ಪ ಯಾರಿಗೆ ಬೇಕೋ ಮಾರಾಯಾ ಅಂದೆ. ಬಿಡಲಿಲ್ಲ. ಊಟಾ ಬಿಟ್ಟ ಕುಂತ."

ಉಜ್ವಲಾ ಕೆಳಗೆ ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದವರನ್ನು ನೋಡಿದಳು.

ಡಾಕ್ಟರ್ ಪೇಠೆ ನೀರಿನ ಲೋಟ ಹಿಡಿದು ಅವರ ಕಡೆ ಬಂದ. ಒಂದು ಕಾಲಕ್ಕೆ ಅದೇ ಯಂತ್ರದ ಮುಂದೆ ಸರದಿ ಕಾಯುತ್ತಿದ್ದ ವಿದ್ಯಾರ್ಥಿ, ಈಗ ಸಂಸ್ಥೆಯಲ್ಲೇ ಪ್ರಾಧ್ಯಾಪಕ. "ಕಾಕಾ ಈಗಾಗಲೇ ಅಲ್ಲಿ ಚಿತ್ರಗುಪ್ತನ ರಿಜಿಸ್ಟರ್ ಇಸ್ಕೊಂಡು ಖಾಲಿ ಸಾಲಿಗೆಲ್ಲ ಓರೆಗೆರೆ ಎಳೀತಿರ್ತಾರೆ," ಎಂದ.

ಮುಜಾವರ್ ನಕ್ಕರು. ಪೇಠೆಯೂ ನಕ್ಕ. ಆಮೇಲೆ ಅವನ ನಗು ನಿಂತಿತು.

"ಆ ಯಂತ್ರ ತಪ್ಪು ಹೇಳಿದ ನನ್ನ ಹನ್ನೊಂದು ದಿನ ಮಾತ್ರ ಯಾರೂ ವಾಪಸ್ ಕೊಡಲ್ಲ. ಮಾದರಿ ಎಲ್ಲ ಮುಗಿದು ಹೋಗಿತ್ತು, ಮತ್ತೆ ಮೊದಲಿಂದ ಶುರು ಮಾಡಿ ಒಂದು ವರ್ಷ ಹೋಯ್ತು. ಪದವಿ ಆಗದೆ ಮದುವೆ ಬೇಡ ಅಂದಿದ್ದೆ, ಹುಡುಗಿ ಮನೆಯವರು ಕಾಯಲಿಲ್ಲ." ಲೋಟದ ತಳ ನೋಡುತ್ತ ಹೇಳಿದ, "ಕಾಕಾನೇ ಎದುರಿಗೆ ನಿಂತು ತಮ್ಮದೇ ತಪ್ಪು ಅಂದ್ರು. ಅವರಾಗಿದ್ದಕ್ಕೆ ಸುಮ್ಮನಾದೆ. ಬೇರೆ ಯಾರಾದ್ರೂ ಆಗಿದ್ರೆ ಕತ್ತು ಹಿಸುಕ್ತಿದ್ದೆ, ಉಜ್ವಲಾತಾಈ."

ಅಷ್ಟರಲ್ಲಿ ಒಳಗಿಂದ ತಾಯಿಯನ್ನು ತಡೆಯುವ ಮೃಣಾಲಳ ದನಿ ಕೇಳಿಸಿತು. "ಆಈ, ಅದು ಸಂಸ್ಥೆಯದ್ದು. ಹಾಗೆಲ್ಲ ಮಾಡಬಾರದು."

ಇಂದುಕಾಕೂ ಕಪಾಟಿನಿಂದ ಒಂದು ಗಂಟು ತಂದಿದ್ದರು. ಕಾಕಾನ ನೀಲಿ ಕೆಲಸದ ಕೋಟಿನಲ್ಲಿ ಸುತ್ತಿದ್ದು. ಅದನ್ನು ಬಿಚ್ಚದೆ ಗಂಡನ ಎದೆಯ ಪಕ್ಕದಲ್ಲಿಟ್ಟು, ಅವರ ಬಲಗೈಯನ್ನು ಎತ್ತಿ ಅದರ ಮೇಲೆ ಇರಿಸಿದರು. ಕೋಟಿನ ತೋಳಿನೊಳಗಿಂದ ಯಂತ್ರದ ಹಳೆಯ ರಿಜಿಸ್ಟರಿನ ದಪ್ಪ ರಟ್ಟಿನ ಬೆನ್ನು ಕಾಣುತ್ತಿತ್ತು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ೯.

"ಇದು ಅವರ ಜೊತೆ ಹೋಗಲಿ," ಎಂದರು. "ಮೂವತ್ತೈದು ವರ್ಷ ಅವರನ್ನ ಇಟ್ಕೊಂಡ್ರಲ್ಲ, ಒಂದು ಪುಸ್ತಕ ಬಿಡೋಕೆ ಆಗಲ್ವಾ ಸಂಸ್ಥೆಯವರಿಗೆ? ಉಜ್ವಲಾ, ನೀನೇ ಹೇಳು. ಈಗ ಅಲ್ಲಿ ಯಜಮಾನಿ ನೀನೇ ತಾನೆ?"

ಎಲ್ಲರೂ ಉಜ್ವಲಾಳ ಕಡೆ ತಿರುಗಿದರು.

ಅವಳಿಗೆ ಆ ಪುಸ್ತಕದ ಯಾವ ಪುಟ ಎಲ್ಲಿದೆ ಎಂದು ಮುಟ್ಟದೆಯೇ ಗೊತ್ತಿತ್ತು. ಮೂರು ಗಂಟೆಗೆ ಅದು ಬೂದಿ. ಅವಳು ಏನೂ ಮಾಡಬೇಕಾಗಿಲ್ಲ. ಹೆಂಡತಿಯ ಆಸೆ, ಯಾರೂ ಅಡ್ಡಿ ಬರುವುದಿಲ್ಲ.

"ಹೋಗಲಿ, ಕಾಕೂ," ಎಂದಳು.

ಜ್ವರ ಇಳಿದಾಗ ಮೈ ಬೆವರುವ ಹಾಗೆ ಅವಳ ಮೈ ಬೆವರಿತು. ಅಡುಗೆಮನೆಗೆ ಹೋಗಿ ಬರಿದೇ ಎರಡು ಲೋಟ ತೊಳೆದಳು.

*

ಹದಿನಾಲ್ಕು ವರ್ಷದ ಹಿಂದೆ ಅವಳು ಆ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಗುತ್ತಿಗೆ ಕೆಲಸ, ತಿಂಗಳ ಕೊನೆಗೆ ಮುಂದುವರಿಸುತ್ತಾರೋ ಬಿಡುತ್ತಾರೋ ತೀರ್ಮಾನವಾಗಬೇಕಿತ್ತು. ಗಂಡನಿಗೆ ನಾಗಪುರದಲ್ಲಿ ನೌಕರಿ. ಈಶಾ ಎಂಟು ತಿಂಗಳ ಕೂಸು. ಆಗಲೇ ಮುಳಶಿಯ ಹಳ್ಳಿಯಲ್ಲಿ ಕಾಕಾನ ತಾಯಿ ತೀರಿಕೊಂಡರು. ಕಾಕಾ ಹದಿಮೂರು ದಿನದ ಕರ್ಮಕ್ಕೆಂದು ಹೊರಟು ನಿಂತರು.

"ಬೆಳಗಿನ ಮಾದರಿ ಒಂದು ನೋಡ್ಕೋ. ಉಳಿದದ್ದು ತಾನಾಗಿ ನಡೆಯುತ್ತೆ," ಎಂದಷ್ಟೇ ಹೇಳಿದ್ದರು.

ಎರಡು ದಿನ ಓಡಿಸಿದಳು. ಎರಡನೇ ದಿನ ಬಂದದ್ದು ೬೦೯.೨೮೦೬. ಮೂರನೇ ದಿನ ಮಗುವಿಗೆ ಜ್ವರ. ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿ, ಬೆಳಗ್ಗೆ ಪಕ್ಕದ ಮನೆಯ ಅಜ್ಜಿಯ ಮಡಿಲಿಗೆ ಕೊಟ್ಟು ಬರುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಬಾಗಿಲಲ್ಲಿ ಪೇಠೆ ನಿಂತಿದ್ದ, ಮಂಜುಗಡ್ಡೆಯ ಡಬ್ಬಿ ತಬ್ಬಿಕೊಂಡು. "ಕರಗ್ತಾ ಇದೆ ಮ್ಯಾಡಂ, ಇನ್ನು ನಲವತ್ತು ನಿಮಿಷ ತಡೆಯಲ್ಲ ಇದು." ಉಜ್ವಲಾ ಯಂತ್ರ ನೋಡಿದಳು. ನಿನ್ನೆ ಸರಿಯಿತ್ತು. ಒಂದು ದಿನದಲ್ಲಿ ಏನಾದೀತು? ರಿಜಿಸ್ಟರಿನಲ್ಲಿ ೬೦೯.೨೮೦೬ ಎಂದು ಬರೆದು ಅವನ ಮಾದರಿ ಒಳಗಿಟ್ಟಳು.

ಏನೂ ಆಗಲಿಲ್ಲ. ಅದೇ ತೊಂದರೆಯಾದದ್ದು. ಮರುದಿನವೂ ಅದನ್ನೇ ಬರೆದಳು. ಅದರ ಮರುದಿನ ಓಡಿಸೋಣವೆಂದು ಸೀಸೆ ಕೈಗೆ ತೆಗೆದುಕೊಂಡು ಹೆದರಿ ಇಟ್ಟುಬಿಟ್ಟಳು. ಈಗ ಬೇರೆ ಅಂಕಿ ಬಂದರೆ ಹಿಂದಿನ ಎರಡು ದಿನ ಏನೆಂದು ಹೇಳುವುದು?

ಹದಿನಾಲ್ಕನೇ ದಿನ ಕಾಕಾ ಬೋಳಿಸಿದ ತಲೆಯಲ್ಲಿ ಬಂದರು. ಕೋಟು ಹಾಕಿಕೊಂಡು, ಮಾದರಿ ಓಡಿಸಿ, ಅಂಕಿ ಬರುವವರೆಗೆ ರಿಜಿಸ್ಟರ್ ತೆರೆದು ಬೆರಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿದರು. ಬೆರಳು ಹನ್ನೊಂದು ಸಲ ನಿಂತು ನಿಂತು ಇಳಿಯಿತು. ಪರದೆಯ ಮೇಲೆ ೬೦೯.೩೧೪೦ ಎಂದು ಬಂತು, ದೂರ ಸರಿದ ಅಂಕಿ.

"ಉಜ್ವಲಾ," ಎಂದರು ಮೆಲ್ಲಗೆ, "ನನ್ನ ಕಾಲದಲ್ಲಿ ಈ ಯಂತ್ರ ಎರಡು ದಿನ ಸಾಲಾಗಿ ಒಂದೇ ಮಾತು ಹೇಳಿಲ್ಲ. ಕೊನೇ ಅಂಕಿ ಯಾವಾಗ್ಲೂ ಆಚೆ ಈಚೆ ಆಗುತ್ತೆ. ನಿನಗೆ ಹನ್ನೊಂದು ದಿನ ಹೇಳ್ತಾ?"

ಅವಳು ಮುಖ ಮುಚ್ಚಿಕೊಂಡಳು.

"ಮಗು ಹೇಗಿದೆ?"

"ಜ್ವರ ಬಿಟ್ಟಿದೆ."

"ಹೋಗಿ ಚಹಾ ಕುಡಿದು ಬಾ."

ಚಹಾವನ್ನು ಅರ್ಧಕ್ಕೆ ಬಿಟ್ಟು ವಾಪಸು ಬಂದಾಗ ಕಾಕಾ ಮೇಜಿನ ಮೇಲೆ ಹತ್ತೊಂಬತ್ತು ಲಕೋಟೆ ಜೋಡಿಸಿದ್ದರು. ಆ ಹನ್ನೊಂದು ದಿನ ಯಂತ್ರ ಬಳಸಿದವರಿಗೆಲ್ಲ ಒಂದೊಂದು. ರಿಜಿಸ್ಟರಿನಲ್ಲಿ ಶಾಯಿ ಇನ್ನೂ ಹಸಿಯಾಗಿತ್ತು. 'ಮೇಲಿನ ಹನ್ನೊಂದು ದಿನದ ಅಳತೆಗಳನ್ನು ನಂಬಬಾರದು. ಕಾರಣ, ರಜೆಗೆ ಮುಂಚೆ ಬೆಳಗಿನ ಮಾದರಿಯನ್ನು ನಾನು ತಪ್ಪಾಗಿ ಕಲಸಿದ್ದು. ಯ. ಢಮಾಲೆ.'

"ಕಾಕಾ, ಇದು..."

"ಹಾಲು ಕುಡಿಯೋ ಕೂಸಿದೆ ನಿನಗೆ. ಈಗ ಪಕ್ಕಕ್ಕೆ ಸರಿ, ಬಾಗಿಲಲ್ಲಿ ಪೇಠೆ ನಿಂತಿದ್ದಾನೆ. ಅವನಿಗೆ ಮೊದಲು ನಾನೇ ಹೇಳಬೇಕು."

ಯಾರೂ ರಿಜಿಸ್ಟರ್ ತೆಗೆದು ನೋಡಲಿಲ್ಲ. ಢಮಾಲೆ ತನ್ನ ತಪ್ಪೆಂದ ಮೇಲೆ ಪರೀಕ್ಷಿಸುವುದು ಏನಿದೆ? ಆ ವರ್ಷ ಅವರಿಗೆ ಅಧಿಕಾರಿ ದರ್ಜೆ ಸಿಗಬೇಕಿತ್ತು, ಕಡತ ಹಿಂದೆ ಬಂತು. ಸೇರಿದ ಹುದ್ದೆಯಲ್ಲೇ, ತಾಂತ್ರಿಕ ಸಹಾಯಕರಾಗಿಯೇ ನಿವೃತ್ತರಾದರು. ಉಜ್ವಲಾಳ ಗುತ್ತಿಗೆ ಮುಂದುವರಿಯಿತು, ಮೂರು ವರ್ಷಕ್ಕೆ ಖಾಯಂ ಆಯಿತು.

ಅದರ ಮರುವರ್ಷ ಕಾಕಾ ಬೇರೆ ಬೇರೆ ಊರುಗಳಲ್ಲಿ ಇಂಥದೇ ಕೆಲಸ ಮಾಡುವ ಏಳು ಜನರನ್ನು ಸಂಸ್ಥೆಯ ಕ್ಯಾಂಟೀನಿಗೆ ಕರೆಸಿ ಒಂದು ಮಂಡಳ ಕಟ್ಟಿದರು. ಎಲ್ಲರ ಯಂತ್ರ ನೋಡಿಕೊಳ್ಳುವವರಿಗೆ ಯಾರೂ ಇಲ್ಲ, ನಮಗೆ ನಾವೇ ಇರೋಣ ಎಂದು. ವರ್ಷಕ್ಕೊಮ್ಮೆ ಸೇರಿದಾಗ ಚಹಾಕ್ಕೆ ಮೊದಲು ಪ್ರತಿಯೊಬ್ಬರೂ ಎದ್ದು ನಿಂತು ಆ ವರ್ಷ ತಾವು ಮಾಡಿದ ಒಂದು ತಪ್ಪು ಹೇಳಬೇಕು. ಅದು ಅಲ್ಲಿನ ರೂಢಿ. ಈಗ ನೂರನಲವತ್ತು ಪ್ರಯೋಗಾಲಯದವರು ಬರುತ್ತಾರೆ. ನಲವತ್ತೊಂದು ನಿಯಮದ ಪುಸ್ತಕ ಸಿದ್ಧವಾಗಿದೆ. ಮುಂದಿನ ತಿಂಗಳು ಅದನ್ನು ಒಪ್ಪಿಕೊಳ್ಳುವ ಸಭೆ, ಅಂದೇ ಉಜ್ವಲಾ ಅಧ್ಯಕ್ಷೆಯಾಗುವುದೆಂದು ಎಲ್ಲರೂ ಸೇರಿ ನಿಶ್ಚಯಿಸಿದ್ದರು.

ಆ ಸಭೆಗಳಲ್ಲಿ ಕಾಕಾ ಪ್ರತಿ ವರ್ಷ ಎದ್ದು ಏನಾದರೂ ಹೇಳುತ್ತಿದ್ದರು. ಹನ್ನೊಂದು ದಿನದ ಮಾತು ಎಂದೂ ಎತ್ತಲಿಲ್ಲ. ನಾಚಿಕೆಯಿರಬೇಕೆಂದು ಉಳಿದವರು ತಿಳಿದರು. ಉಜ್ವಲಾಳೂ ಎದ್ದು ಹೇಳುತ್ತಿದ್ದಳು: ಒಡೆದ ಸೀಸೆ, ಮರೆತ ಕವಾಟ, ಅದಲುಬದಲಾದ ಚೀಟಿ.

*

ಎರಡೂವರೆಗೆ ಎತ್ತಿದರು. ಮೆಟ್ಟಿಲ ತಿರುವಿನಲ್ಲಿ ಬಿದಿರಿನ ಚಟ್ಟ ಓರೆಯಾದಾಗ ನೀಲಿ ಗಂಟು ಜಾರಿತು. ಪೇಠೆಯೇ ಒಂದು ಕೈಯಲ್ಲಿ ಹಿಡಿದು ಸರಿಮಾಡಿದ. ಕಾಕೂ ಬಾಗಿಲವರೆಗೆ ಬಂದು ನಿಂತರು. ಮಡಕೆ ಹಿಡಿದು ಮುಂದೆ ನಡೆದವಳು ಮೃಣಾಲ್. ಒಬ್ಬಳೇ ಮಗಳು.

ಶವದ ವ್ಯಾನಿನಲ್ಲಿ ಉಜ್ವಲಾ ಮೃಣಾಲಳ ಪಕ್ಕ ಕೂತಳು.

"ಅದೇನು ಆ ಪುಸ್ತಕದ ಮೇಲೆ ಆಈಗೆ ಅಷ್ಟು ಮನಸ್ಸೋ," ಎಂದಳು ಮೃಣಾಲ್. "ಎರಡು ತಿಂಗಳ ಹಿಂದೆ ಬಾಬಾ ನಿಮ್ಮ ಹತ್ತಿರ ಕೇಳಿ ತರಿಸಿಕೊಂಡಿದ್ರಲ್ಲ, ಆಮೇಲೆ ದಿನಾ ಕೇಳೋರು, ಉಜ್ವಲಾ ಬಂದಳಾ, ರಿಜಿಸ್ಟರ್ ತಗೊಂಡು ಹೋಗ್ತೀನಿ ಅಂದಿದ್ದಳು ಅಂತ."

"ಬರ್ತೀನಿ ಅಂದಿದ್ದೆ," ಎಂದಳು ಉಜ್ವಲಾ.

ಅವಳೇ ಅದನ್ನು ಕೊಟ್ಟವಳು, ನಿಯಮ ಮೀರಿ. ಸಂಸ್ಥೆಯಲ್ಲಿ ಹಳೆಯ ರಿಜಿಸ್ಟರುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಡುವ ಮಾತು ನಡೆದಿತ್ತು. ಒಂಬತ್ತನೆಯದು ಒಂದು ಸಲ ನೋಡಬೇಕು ಎಂದು ಕಾಕಾ ಕೇಳಿದಾಗ, ಅದು ಅಲ್ಲಿಂದ ಹೋದರೆ ಸಾಕೆನ್ನಿಸಿತ್ತು. ಅವರು ಫೋನು ಮಾಡಿದಾಗೆಲ್ಲ ಬರುವ ಭಾನುವಾರ ಎಂದಿದ್ದಳು. ಒಂದು ಭಾನುವಾರ ಈಶಾಳ ಪರೀಕ್ಷೆ. ಒಂದು ಭಾನುವಾರ ಹಪ್ಪಳ. ಎಂಟು ಭಾನುವಾರ ಹಾಗೆ ಕಳೆದವು.

"ನಾನು ಒಂದು ಸಲ ಕೇಳಿದ್ದೆ," ಮೃಣಾಲ್ ಕಿಟಕಿಯ ಕಡೆ ನೋಡುತ್ತ ಹೇಳಿದಳು, "ಅಷ್ಟು ಜಾಗ್ರತೆಯವರು ಅದು ಹೇಗೆ ತಪ್ಪು ಕಲಸಿದಿರಿ ಬಾಬಾ ಅಂತ. ಕೈ ತಾನೇ ಮಗಾ, ಅಂದ್ರು. ಅಷ್ಟೇ."

ನದಿ ದಂಡೆಯ ವಿದ್ಯುತ್ ಚಿತಾಗಾರದಲ್ಲಿ ಅವರ ಮುಂದೆ ಇನ್ನೊಂದು ಶವವಿತ್ತು. ಕಾದರು. ಕಚೇರಿಯ ಕಿಟಕಿಯಲ್ಲಿ ಒಬ್ಬ ನಡುವಯಸ್ಸಿನವನು ಉದ್ದನೆಯ ರಿಜಿಸ್ಟರ್ ತಿರುಗಿಸಿ ಮೃಣಾಲಳ ಮುಂದಿಟ್ಟ. ಹೆಸರು, ವಯಸ್ಸು, ತಂದವರ ಸಹಿ. ಉಜ್ವಲಾಳ ಕಣ್ಣು ಅಭ್ಯಾಸಬಲದಿಂದ ಕೊನೆಯ ಕಾಲಮಿಗೆ ಹೋಯಿತು. ಕುಲುಮೆಯ ಕಾವು. ೭೬೦. ಅದರ ಕೆಳಗೆ ೭೬೦. ಪುಟದ ತುದಿಯವರೆಗೂ ೭೬೦. ಕಾಕಾನ ಹೆಸರಿನ ಮುಂದೆಯೂ ಆಗಲೇ ಬರೆದಾಗಿತ್ತು, ಅವರಿನ್ನೂ ಹೊರಗೆ ಕಟ್ಟೆಯ ಮೇಲೆ ಮಲಗಿರುವಾಗಲೇ.

"ದಿನಾ ಇಷ್ಟೇ ಇರುತ್ತಾ?" ಎಂದಳು.

"ಮೀಟರ್ ಕೆಟ್ಟು ಎರಡು ವರ್ಷ ಆಯ್ತು ತಾಈ. ಖಾಲಿ ಬಿಟ್ರೆ ಸಾಹೇಬರು ಬೈತಾರೆ. ಸುಡೋದೇನೋ ಸುಡುತ್ತೆ ಬಿಡಿ." ಅವನು ರಿಜಿಸ್ಟರ್ ತನ್ನ ಕಡೆ ತಿರುಗಿಸಿಕೊಂಡ.

ಹಳಿಯ ಮೇಲಿನ ತಟ್ಟೆಗೆ ಕಾಕಾನನ್ನು ಇಳಿಸಿದರು. ಮೃಣಾಲ್ ಮೂರು ಸುತ್ತು ಬಂದಳು, ಮಡಕೆಯ ನೀರು ಚೆಲ್ಲಿತು, ಮಡಕೆ ಒಡೆಯಿತು. ಕಬ್ಬಿಣದ ಬಾಗಿಲು ಮೇಲೇಳತೊಡಗಿತು. ಒಳಗಿನ ಕೆಂಪು ಎಲ್ಲರ ಮುಖಕ್ಕೂ ಬಡಿಯಿತು.

"ತಡೀರಿ," ಎಂದಳು ಉಜ್ವಲಾ.

ಮುಂದೆ ಬಂದು ಕಾಕಾನ ಕೈಯ ಕೆಳಗಿಂದ ಗಂಟನ್ನು ಎಳೆದಳು. ಕೈ ಬಿಗಿದುಕೊಂಡಿತ್ತು, ಬೆರಳನ್ನು ಒಂದೊಂದಾಗಿ ಎತ್ತಬೇಕಾಯಿತು.

"ಉಜ್ವಲಾತಾಈ, ಬಿಡಿ," ಪೇಠೆ ಅವಳ ತೋಳು ಮುಟ್ಟಿದ. "ಕಾಕೂ ಆಸೆ ಪಟ್ಟಿದ್ದಾರೆ. ಸಂಸ್ಥೆಗೆ ನಾನು ಹೇಳ್ತೀನಿ."

"ಕಾಕಾ ಮಾದರಿ ತಪ್ಪು ಕಲಸಿರಲಿಲ್ಲ." ಅವಳು ಗಂಟಿಗೆ ಹೇಳುವ ಹಾಗೆ ತಲೆ ತಗ್ಗಿಸಿ ಹೇಳಿದಳು. "ನಾನು ಓಡಿಸಿಯೇ ಇರಲಿಲ್ಲ. ಹನ್ನೊಂದು ದಿನ ಸುಮ್ಮನೆ ಅಂಕಿ ಬರೆದೆ. ಅವರು ತಮ್ಮ ಹೆಸರು ಹಾಕಿಕೊಂಡರು. ನಾನು ಹಾಕಿಕೊಳ್ಳೋಕೆ ಬಿಟ್ಟೆ."

ಪೇಠೆ ಕೈ ತೆಗೆದ.

"ಹಿಂದೆ ಇನ್ನೊಂದು ಬಂದು ನಿಂತಿದೆ," ಕುಲುಮೆಯವನು ಮೆತ್ತಗೆ ಕೇಳಿದ. "ಒಳಗೆ ಬಿಡ್ಲಾ?"

"ಬಿಡಿ," ಎಂದಳು ಮೃಣಾಲ್. ಉಜ್ವಲಾಳ ಕಡೆ ನೋಡಲಿಲ್ಲ.

ತಟ್ಟೆ ಸರಿಯಿತು. ಬಾಗಿಲು ಇಳಿಯಿತು.

ಹೊರಗೆ ಪೇಠೆ ತನ್ನ ಸ್ಕೂಟರಿನ ಮೇಲೆ ಕೂತು ಕೀಲಿಯನ್ನು ತೂತಿಗೆ ಹಾಕಲು ನೋಡುತ್ತಿದ್ದ. ಕೀಲಿ ಹೋಗುತ್ತಿರಲಿಲ್ಲ. ಉಜ್ವಲಾ ಅವನ ಎದುರು ಹೋಗಿ ನಿಂತಳು. ಅವನು ತಲೆಯೆತ್ತಿದ.

"ಆ ಬೆಳಗ್ಗೆ ನಾನೇ ಅವಸರ ಮಾಡಿದ್ದೆ, ಅಲ್ವಾ? ಡಬ್ಬಿ ಹಿಡ್ಕೊಂಡು."

"ಅವಸರ ಮಾಡೋದು ನಿಮ್ಮ ಕೆಲಸ. ತಡೆಯೋದು ನನ್ನ ಕೆಲಸವಾಗಿತ್ತು."

"ಹದಿನಾಲ್ಕು ವರ್ಷ ನನಗೆ ಯಂತ್ರ ತೆಗೆದು ಕೊಟ್ಟಿದ್ದೀರಿ. ದಿನಾ ನಗುನಗುತ್ತ." ಅಷ್ಟು ಹೇಳಿ, ಸ್ಕೂಟರನ್ನು ಚಾಲೂ ಮಾಡದೆಯೇ ತಳ್ಳಿಕೊಂಡು ಹೋದ.

ಮುಜಾವರ್ ಬೇವಿನ ಎಲೆ ಅಗಿದು ಉಗುಳಿ ಅವಳ ಬಳಿ ಬಂದರು.

"ಸಭಾದಾಗ ಚಹಾಕ್ಕಿಂತ ಮೊದ್ಲ ಎದ್ದ ನಿಂತ ಸೀಸೆ ಒಡದೆ, ಚೀಟಿ ಅದಲಬದಲ ಮಾಡಿದೆ ಅಂತಿದ್ದಿ. ನಾವ ಚಪ್ಪಾಳಿ ಹೊಡೀತಿದ್ವಿ. ಮುಂದಿನ ತಿಂಗಳ ಏನ್ ಹೇಳ್ತಿ?"

"ಇದನ್ನೇ."

"ಇದನ್ನ ಹೇಳಿದ ಮ್ಯಾಲ ಅಧ್ಯಕ್ಷರ ಕುರ್ಚಿ ಸಿಗೂದಿಲ್ಲವ್ವಾ. ನೌಕರಿಗೂ ಏಟ ಬೀಳಬಹುದು."

"ಗೊತ್ತು."

ಮುಜಾವರ್ ನಿಟ್ಟುಸಿರು ಬಿಟ್ಟರು. "ಹದಿನೇಳನೇ ನಿಯಮ," ಎಂದರು ತಮಗೆ ತಾವೇ. "ಊಟಾ ಬಿಟ್ಟ ಕುಂತಿದ್ದ ಮುದುಕ."

*

ನಡುಮನೆಯಲ್ಲಿ ಕಾಕಾ ಮಲಗಿದ್ದ ಜಾಗ ಒರೆಸಿ ಹಣತೆ ಹಚ್ಚಿಟ್ಟಿದ್ದರು. ಪಕ್ಕದ ಮನೆಯವರು ತಂದ ಕಡಲೆಹಿಟ್ಟಿನ ಪಿಠಲೆ, ಭಾಕರಿ ಮುಚ್ಚಿದ ತಟ್ಟೆಯಲ್ಲಿ ಹಾಗೇ ಇತ್ತು. ಬಂದವರೆಲ್ಲ ದೀಪ ನೋಡಿ ಹೊರಟುಹೋದರು. ಮೃಣಾಲ್ ಸ್ನಾನಕ್ಕೆ ಹೋಗುವ ಮುಂಚೆ ತಾಯಿಯ ಕಿವಿಯಲ್ಲಿ ಎರಡು ಮಾತು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಜ್ವಲಾ ಹೊಸ್ತಿಲಲ್ಲೇ ನಿಂತಿದ್ದಳು, ಗಂಟು ಎದೆಗೊತ್ತಿಕೊಂಡು.

"ಒಳಗೆ ಬಾ," ಎಂದರು ಇಂದುಕಾಕೂ. "ಕೂತ್ಕೋ."

ಕೂತಳು. ಬಚ್ಚಲಲ್ಲಿ ನೀರು ಬೀಳುವ ಸದ್ದು.

"ಹದಿನಾಲ್ಕು ದೀಪಾವಳಿ ನನ್ನ ಕೈಯ ಕರಂಜಿ ತಿಂದೆ ನೀನು."

"ಹೌದು, ಕಾಕೂ."

"ಈಶಾಳ ಹುಟ್ಟುಹಬ್ಬಕ್ಕೆ ಅವರು ಬಳೆ ತಂದುಕೊಟ್ಟಾಗ ಕಾಲಿಗೆ ಬಿದ್ದೆ. ಆಗಲೂ ಬಾಯಿ ಬಿಡಲಿಲ್ಲ."

ಉಜ್ವಲಾ ಗಂಟನ್ನು ಮಡಿಲಿಗೆ ಇಳಿಸಿದಳು.

"ಅವರು ತಪ್ಪು ಕಲಸಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು ಕಣೆ. ನಲವತ್ತು ವರ್ಷ ನನ್ನ ಪಿಠಲೆಗೆ ನೀರು ಅಳೆದು ಹಾಕಿದ ಮನುಷ್ಯ. ಬಗ್ಗಿ, ಲೋಟಾನ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಹಾಕೋರು. ಕೈ ತಪ್ಪೋರಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ಅಂದ ಮೇಲೆ ಸುಳ್ಳು ಬರೆದಿದ್ದಾರೆ ಅಂತಾಯ್ತು. ಯಾರಿಗೋಸ್ಕರ ಅಂತ ಮಾತ್ರ ಗೊತ್ತಿರಲಿಲ್ಲ, ಕೇಳಿದ್ರೆ ಹೇಳೋರಲ್ಲ. ಸುಳ್ಳಿಗೆ ಸಹಿ ಹಾಕಿದ ಪುಸ್ತಕ ಅವರು ಹೋದ ಮೇಲೂ ಉಳೀಬಾರದು ಅಂತ ಜೊತೆಗೆ ಕಳಿಸಿದೆ. ನೀನು ವಾಪಸ್ ತಂದೆ."

ಉಜ್ವಲಾ ಕೋಟಿನ ತೋಳು ಬಿಡಿಸಿದಳು. ಪುಸ್ತಕವನ್ನು ನೆಲದ ಮೇಲಿಟ್ಟು ತೆರೆದಳು. ಪುಟ ತಾನಾಗಿಯೇ ಅಲ್ಲಿಗೆ ಬಂತು. ಎಷ್ಟೋ ಸಲ ಅಲ್ಲೇ ತೆರೆದಿಟ್ಟ ಹಾಗೆ. ಅವಳದೇ ಕೈಬರಹದ ಹನ್ನೊಂದು ಅಂಕಿ. ಕೆಳಗೆ ಕಾಕಾನ ಬರಹ, ಸಹಿ.

ಅದರ ಕೆಳಗೆ ಮೂರು ಸಾಲು ಖಾಲಿ.

ಮುಂದಿನ ದಿನದ ಅಂಕಿ, ಕಾಕಾನ ಕೈಬರಹದಲ್ಲಿ, ಆ ಮೂರು ಸಾಲು ಬಿಟ್ಟು ಶುರುವಾಗಿತ್ತು. ಓರೆಗೆರೆ ಇರಲಿಲ್ಲ. ಅವಳು ಹಿಂದಿನ ಪುಟ ತಿರುಗಿಸಿದಳು, ಮುಂದಿನದು ತಿರುಗಿಸಿದಳು. ಅರ್ಧ ಸಾಲು ಖಾಲಿ ಬಿದ್ದಲ್ಲೂ ಕಾಕಾನ ಓರೆಗೆರೆ ಇತ್ತು. ಆ ಪುಟದಲ್ಲಿ ಮಾತ್ರ ಇಲ್ಲ. ಶಾಯಿ ಹಸಿಯಾಗಿದ್ದ ದಿನ ಅವಳು ಕೆಳಗೆ ನೋಡಿರಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ಆ ಪುಟ ತೆರೆದಿರಲಿಲ್ಲ.

"ಏನು?" ಎಂದರು ಕಾಕೂ.

"ಜಾಗ ಬಿಟ್ಟಿದ್ದಾರೆ." ಉಜ್ವಲಾ ಪುಸ್ತಕವನ್ನು ಕಾಕೂ ಕಡೆ ತಿರುಗಿಸಿದಳು. "ನನಗೆ."

ಕಾಕೂ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿ ನೋಡಿದರು. ಅವರಿಗೂ ಅಷ್ಟು ವರ್ಷದಲ್ಲಿ ಓರೆಗೆರೆಯ ವಿಷಯ ಗೊತ್ತಿತ್ತು. ಕಾಕಾ ಮನೆಯ ಹಾಲಿನ ಚೀಟಿಯ ಮೇಲೂ ಎಳೆಯುತ್ತಿದ್ದರು. ಖಾಲಿ ಸಾಲುಗಳ ಮೇಲೆ ಒಮ್ಮೆ ಬೆರಳಾಡಿಸಿದರು.

"ಹಾಗಿದ್ರೆ ಬರಿ," ಎಂದರು. "ಬರೆದು ಹೋಗು. ಆಮೇಲೆ ಕೆಲವು ದಿನ ಈ ಕಡೆ ಬರಬೇಡ."

ಉಜ್ವಲಾ ಚೀಲದಿಂದ ಪೆನ್ನು ತೆಗೆದಳು. ಕಪ್ಪು ಶಾಯಿ. 'ನಾನು ತಪ್ಪಾಗಿ ಕಲಸಿದ್ದು' ಎಂಬುದರ ಮೇಲೆ ಒಂದೇ ಗೆರೆ ಎಳೆದಳು, ಓದಲು ಸಿಗುವ ಹಾಗೆ. ಖಾಲಿ ಸಾಲಿನ ಮೊದಲಲ್ಲಿ ಬರೆದಳು: 'ಮಾದರಿ ಸರಿಯಾಗಿತ್ತು. ಹನ್ನೊಂದು ದಿನ ಅದನ್ನು ಓಡಿಸದೆ ಅಂಕಿ ಬರೆದವಳು ನಾನು.' ಎರಡನೇ ಸಾಲಿನಲ್ಲಿ ಸಹಿ, ಇವತ್ತಿನ ತಾರೀಖು, ವೇಳೆ. ಗಡಿಯಾರ ನೋಡಿ ಬರೆದಳು. ಆರು ಹತ್ತು.

"ಇನ್ನೊಂದು ಸಾಲು ಉಳೀತಲ್ಲ," ಎಂದರು ಕಾಕೂ.

ಉಜ್ವಲಾ ಮೂರನೇ ಸಾಲಿನ ಮೇಲೆ ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದಳು. ಮೇಲಿನ ಫ್ಯಾನಿನ ಗಾಳಿಗೆ ಪುಟದ ತುದಿ ಏಳತೊಡಗಿತು. ಕಾಕೂ ಬಳೆಯಿಲ್ಲದ ಕೈ ಚಾಚಿ, ಶಾಯಿ ಒಣಗುವವರೆಗೆ, ಪುಟ ಮಗುಚದಂತೆ ಅಂಚನ್ನು ಒತ್ತಿ ಹಿಡಿದುಕೊಂಡರು.